ದಾದಿ ವಾಲ್ಬುರ್ಗಾ ಮಾಡಿದ ಪ್ರಮಾಣ

ಎರ್ಲೆನ್‌ಹೈಮ್ ಅರಮನೆಯ ಬಟ್ಟೆಕೋಣೆಗೆ ನಾನು ಕೆಲಸಕ್ಕೆ ಸೇರಿದಾಗ ವಾಲ್ಬುರ್ಗಾಗೆ ಎಪ್ಪತ್ತು ದಾಟಿತ್ತು. ಹಿಟ್ಟಿನ ಗಿರಣಿಯವನ ಮಗಳು. ದೊರೆ ಎಬರ್‌ಹಾರ್ಟ್ ಕೂಸಾಗಿದ್ದಾಗ ಮೊಲೆಯೂಡಿಸಲು ಬಂದ ದಾದಿ ಎಂದು ಚರ್ಚಿನ ಪುಸ್ತಕ ಹೇಳುತ್ತಿತ್ತು. ಹೆತ್ತವಳೂ ಅವಳೇ ಎಂಬುದು ಅಡುಗೆಮನೆಯ ಬೆಕ್ಕಿಗೂ ಗೊತ್ತಿತ್ತು. ಹಿರಿಯ ದೊರೆಯ ರಾಣಿಗೆ ಮಕ್ಕಳಾಗಲಿಲ್ಲ. ಆ ದೊರೆಯಿಂದ ಇವಳಿಗಾದ ಕೂಸನ್ನು ಒಯ್ದು ರಾಣಿಯ ಮಗ್ಗುಲಲ್ಲಿ ಮಲಗಿಸಿದ್ದರು. ಐವತ್ತು ವರ್ಷ ವಾಲ್ಬುರ್ಗಾ ಬಾಯಿ ಬಿಡಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಕೇಳಿದವರಿಗೆ "ನಾನು ಹಾಲು ಕೊಟ್ಟವಳು" ಎನ್ನುತ್ತಿದ್ದಳು.

ದೊರೆಯ ಮಗಳು ಫ್ರೀಡೆರಿಕಾಳಿಗೆ ದೊಡ್ಡ ಮನೆತನದ ಸಂಬಂಧ ಬಂತು. ಅವರು ವಂಶವೃಕ್ಷ ಕೇಳಿದರು. ಮುತ್ತಜ್ಜಂದಿರ ತಂದೆತಾಯಿಯರವರೆಗೆ ಹದಿನಾರು ಜನ, ಒಬ್ಬೊಬ್ಬರ ಮನೆತನದ ಲಾಂಛನ ಬಿಡಿಸಿದ ಹದಿನಾರು ಕುಲಗುರಾಣಿ. ಅದರಲ್ಲಿ ನಾಲ್ಕು, ಸತ್ತ ರಾಣಿಯ ಕಡೆಯವು. ವದಂತಿ ಅವರ ಕಿವಿಗೂ ಬಿದ್ದಿತ್ತು. ವಿಚಾರಣೆಗೆ ಅವರ ಕಡೆಯಿಂದ ಫೊನ್ ರಾಟ್‌ಮಾರ್ ಎಂಬ ಅಧಿಕಾರಿ ಬಂದ.

"ಆ ನಾಲ್ಕು ಗುರಾಣಿ ಮೇಲೆ ಏನ್ ಬಿಡಿಸ್ಬೇಕಿತ್ತು ಗೊತ್ತಾ? ನಾಲ್ಕು ಹಿಟ್ಟಿನ ಮೂಟೆ!" ಎಂದು ಅಡುಗೆಯವಳು ನಕ್ಕಳು.

ದೊರೆ ತಾನೇ ಬಟ್ಟೆಕೋಣೆಗೆ ಬಂದ. "ದಾದಿ, ಶಿಲುಬೆ ಮುಟ್ಟಿ ನಾನು ದಾದಿ ಅಂತ ಅಂದ್ಬಿಡು, ಸಾಕು. ಮದುವೆ ದಿನ ಹುಡುಗಿ ತಲೆ ಮೇಲೆ ನೀನೇ ಕೈಯಿಡು."

"ಅದಕ್ಕೇನಪ್ಪ, ದಾದಿ ಹೌದಲ್ಲ ನಾನು" ಎಂದಳು. ಮೊಮ್ಮಗಳನ್ನು ಒಮ್ಮೆ ಮುಟ್ಟಬೇಕೆಂಬುದೊಂದೇ ಅವಳ ಆಸೆಯಾಗಿತ್ತು.

ಅವಳ ಕಣ್ಣು ಮಂದವಾಗಿದ್ದುದರಿಂದ ವಿಚಾರಣೆಗೆ ನಾನೇ ಕೈಹಿಡಿದು ಕರೆದೊಯ್ದೆ. ಅರಮನೆಯ ವಂಶಲೇಖಕ ಇಮ್ಮೆಲ್ ಮೂರು ದಿನ ಪಾಠ ಹೇಳಿಕೊಟ್ಟಿದ್ದ: ಯಾವ ತಿಂಗಳು, ಯಾವ ಕೋಣೆ, ಯಾವ ಸೂಲಗಿತ್ತಿ. ಎಲ್ಲವನ್ನೂ ಸರಿಯಾಗಿ ಒಪ್ಪಿಸಿದಳು. ಫೊನ್ ರಾಟ್‌ಮಾರ್ ಲೇಖನಿ ಕೆಳಗಿಟ್ಟ.

"ಅಲ್ಲಮ್ಮ, ಹಾಲೇನು ಮೋಡದಿಂದ ಸುರೀತಾ? ದಾದಿ ಅಂದ್ಮೇಲೆ ನಿಂಗೂ ಒಂದ್ ಕೂಸಿರ್ಬೇಕಲ್ಲ. ಅದೆಲ್ಲಿ?"

ಇಮ್ಮೆಲ್‌ನ ಮುಖ ಸುಣ್ಣವಾಯಿತು. ಹದಿನಾರು ತಲೆಗಳನ್ನು ಲೆಕ್ಕ ಹಾಕಿದ ಗಂಡಸಿಗೆ ಇದೊಂದು ಹೊಳೆದಿರಲಿಲ್ಲ. ವಾಲ್ಬುರ್ಗಾ ಮಗನ ಕಡೆ ತಿರುಗಿದಳು.

"ಹೇಳು ದಾದಿ, ಸಾಹೇಬ್ರು ಕೇಳ್ತಿದ್ದಾರೆ" ಎಂದ ಎಬರ್‌ಹಾರ್ಟ್, ಉಂಗುರ ತಿರುವುತ್ತ.

"ಸತ್ತೋಯ್ತು, ಸ್ವಾಮಿ."

"ಗಂಡಾ, ಹೆಣ್ಣಾ?"

"ಗಂಡು."

"ಹೆಸರು?"

"ಫೈಟ್. ಹೊಟ್ಟೇಲಿದ್ದಾಗ ಹಂಗೆ ಕರೀತಿದ್ದೆ."

"ಎಲ್ಲಿ ಹೂತ್ರಿ?"

ಅವಳು ಬಾಯಿ ತೆರೆಯುವ ಮೊದಲೇ ದೊರೆ ಹೇಳಿದ: "ಗಿರಣಿ ಹತ್ರದ ಸ್ಮಶಾನದಲ್ಲಿ. ನಾನೇ ನೋಡಿದ್ದೀನಿ."

"ನಾಳೆ ನಾನೂ ನೋಡ್ತೀನಿ."

ಅಂದೇ ಕಲ್ಲುಕುಟಿಗ ಕೂತು ಗೋರಿಕಲ್ಲು ಕೆತ್ತಿದ: 'ಫೈಟ್, ವಾಲ್ಬುರ್ಗಾಳ ಮಗ, ಬದುಕಿದ್ದು ಮೂರು ದಿನ.' ಹಳೆಯದಾಗಿ ಕಾಣಲೆಂದು ಚರ್ಚಿನ ಗೋಡೆಯ ಪಾಚಿ ಕೆರೆದು ಕಲ್ಲಿಗೆ ಮೆತ್ತಿದರು. ಅಧಿಕಾರಿ ಬಂದು ನೋಡಿ ಟೋಪಿ ತೆಗೆದ. ಹದಿನಾರು ಗುರಾಣಿಗೂ ಮುದ್ರೆ ಬಿತ್ತು.

ಮದುವೆಯ ಬೆಳಿಗ್ಗೆ ವಾಲ್ಬುರ್ಗಾ ಗಂಜಿ ಹಾಕಿದ ಬಿಳಿ ಟೋಪಿ ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಳು. ವರನ ತಾಯಿ ಬೀಸಣಿಗೆಯನ್ನು ಅಡ್ಡ ಹಿಡಿದಳು.

"ಈಕೆನೇ ಅಲ್ವಾ ಮಗನ್ನ ಮಣ್ಣು ಮಾಡಿದೋಳು? ಅಂಥೋರು ಮದುಮಗಳ ತಲೆ ಮುಟ್ಟೋದು ನಮ್ಮಲ್ಲಿಲ್ಲ."

"ನಮ್ಮಲ್ಲೂ ಇಲ್ಲ" ಎಂದು ದೊರೆ ಮಗಳ ಕೈ ಹಿಡಿದು ಒಳನಡೆದ.

ಬಾಗಿಲು ಮುಚ್ಚಿತು. ನಾನು ಅವಳ ತೋಳು ಹಿಡಿದೆ. "ಬಟ್ಟೆಕೋಣೆಗೆ ಹೋಗೋಣ್ವಾ ಅಜ್ಜಿ?"

"ಬೇಡ. ಗಿರಣಿ ಕಡೆ ಬಿಟ್ಬಿಡು ನನ್ನ" ಎಂದಳು. "ನನ್ನ ಮಗ ಅಲ್ಲೇ ಅವ್ನೆ."