ಪ್ಲೈವುಡ್ ಮರೆಯ ಅಣ್ಣ

ಹೋದ ವಾರ ಬೆಸುಗೆ ಹಾಕುವ ಒಂದು ಹೊಸ ಸೋಲ್ಡರಿಂಗ್ ಐರನ್ ತರಿಸಿದೆ. ಪೆನ್ನಿನಷ್ಟೇ ದಪ್ಪ. ಮೊಬೈಲ್ ಚಾರ್ಜರಿಗೆ ಚುಚ್ಚಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾದು ನಿಲ್ಲುತ್ತದೆ. ಮೈಮೇಲೆ ಪುಟ್ಟ ಪರದೆ ಬೇರೆ, ಎಷ್ಟು ಬಿಸಿ ಅಂತ ಲೆಕ್ಕ ತೋರಿಸಲಿಕ್ಕೆ. ಮರೆತು ಎದ್ದುಹೋದರೆ ತಾನೇ ನಿದ್ದೆ ಮಾಡುತ್ತದೆ. ನನಗೆ ಇದರ ಅಗತ್ಯ ಇತ್ತೇ? ಇಲ್ಲ. ನನ್ನ ಮೇಜಿನ ಮೇಲೆ ಅಗತ್ಯವಿದ್ದು ಬಂದ ಸಾಮಾನು ಅಂದರೆ ಚಹಾದ ಲೋಟ ಒಂದೇ. ಹೊಸ ವಾಚಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಆರು ತಿಂಗಳು ಕೀಳದೆ, ಮನೆಗೆ ಬಂದವರಿಗೆ ದೂರದಿಂದ ದರ್ಶನ ಮಾಡಿಸುವವರ ಪೈಕಿ ನಾನು.

ನೋಡೋಣ ಅಂತ ತುದಿಗೆ ಚೂರು ಫ್ಲಕ್ಸ್, ಬೆಸುಗೆಗೆ ಮೊದಲು ಹಚ್ಚುವ ಅಂಟು, ತಾಗಿಸಿದೆ. ಚುಯ್ ಅಂದು ಬಿಳಿ ಹೊಗೆ ಎದ್ದಿತು. ಹಾಲುಮಡ್ಡಿಗೆ ಯಾವುದೋ ಔಷಧಿ ಬೆರೆಸಿ ಸುಟ್ಟಂಥ ವಾಸನೆ. ಐರನ್ ಕೆಳಗಿಟ್ಟೆ. ಕಿವಿ ತಾನಾಗಿ ಬಾಗಿಲ ಕಡೆ ತಿರುಗಿತು. ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ, ಅವರು ಬಾಗಿಲಿಗೆ ಬರುವುದರೊಳಗೆ ನಾನು ಗಂಟಲು ಸರಿಮಾಡಿಕೊಳ್ಳಬೇಕು... ಆ ವಾಸನೆಗೂ ಆ ಹೆದರಿಕೆಗೂ ನನ್ನೊಳಗೆ ಎಲ್ಲೋ ಬೆಸುಗೆ ಬಿದ್ದುಹೋಗಿದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಒಂದು ಬೇಕರಿ. ಅದರ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಅಕ್ಕನ ಮೊಬೈಲ್ ರಿಪೇರಿ ಅಂಗಡಿ. ನಾನು ಆಗ ಎನ್. ಆರ್. ಪುರದಿಂದ ದಿನಾ ಬಸ್ಸಿನಲ್ಲಿ ಕೊಪ್ಪಕ್ಕೆ ಡಿಗ್ರಿ ಓದಲು ಬರುತ್ತಿದ್ದೆ. ಓದಲು ಅಂತ ಮನೆಯವರ ತಿಳುವಳಿಕೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಮಿಮಿಕ್ರಿ. ಕಂಡಕ್ಟರ್, ಪ್ರಿನ್ಸಿಪಾಲರು, ನಮ್ಮ ಮನೆಯ ಮಿಕ್ಸಿ, ಯಾರನ್ನೂ ಬಿಟ್ಟವನಲ್ಲ. ಕ್ಲಾಸು ಶುರುವಾಗುವ ತನಕ, ಕ್ಲಾಸು ಶುರುವಾದ ಮೇಲೂ, ಅಕ್ಕನ ಅಂಗಡಿಯಲ್ಲಿ ಕೂತಿರುತ್ತಿದ್ದೆ.

ಅಕ್ಕ ನನಗೆ ಸಂಬಂಧದಲ್ಲಿ ಏನೂ ಅಲ್ಲ. ನನಗಿಂತ ಹತ್ತು ವರ್ಷ ದೊಡ್ಡವರು, ಅಷ್ಟೆ. ಯಾವುದೋ ಊರಿನ ಫೋನ್ ಫ್ಯಾಕ್ಟರಿಯಲ್ಲಿ ಎರಡು ವರ್ಷ ದಿನವಿಡೀ ಒಂದೇ ಸ್ಕ್ರೂ ಹಾಕುತ್ತಿದ್ದರಂತೆ. ಉಳಿದ ಫೋನಿನಲ್ಲಿ ಏನಿರುತ್ತದೆ ಎಂದು ತಿಳಿಯುವ ಹಟಕ್ಕೆ ರಿಪೇರಿ ಕಲಿತರಂತೆ. ಬೇರೆಯವರು ಧಾರಾವಾಹಿ ನೋಡುವ ಹಾಗೆ ಅಕ್ಕ ಸರ್ಕ್ಯೂಟ್ ನಕ್ಷೆ ನೋಡುತ್ತಿದ್ದರು, ಮಧ್ಯೆ ಮಧ್ಯೆ "ಅಯ್ಯೋ ಪಾಪ, ಇಲ್ಲಿ ಹೀಗೆ ಮಾಡಬಾರದಿತ್ತು" ಅಂತ ಮರುಗುತ್ತ. ನಾನು ಹೊಸ ಮಾಡೆಲ್ಲಿನ ಡಬ್ಬಿ ಬಿಚ್ಚುವ ವಿಡಿಯೋ ತೋರಿಸಿದರೆ ನಗುತ್ತಿದ್ದರು. "ಡಬ್ಬಿ ಬಿಚ್ಚಿದ್ದೇ ದೊಡ್ಡ ಸಾಹಸವೇನೋ? ಫೋನು ಬಿಚ್ಚಿ, ಮತ್ತೆ ಮುಚ್ಚಿ ತೋರಿಸು."

ಇಷ್ಟಾಗಿಯೂ ಅಂಗಡಿ ತೆರೆದ ಮೊದಲ ತಿಂಗಳು ಬಂದವರೆಲ್ಲ ಬಾಗಿಲಲ್ಲೇ ನಿಂತು, ಅಕ್ಕನ ಮುಖ ನೋಡಿಕೊಂಡೇ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅಂಗಡೀಲಿ ಯಾರೂ ಇಲ್ವಾ?"

ಕಡೆಗೊಂದು ದಿನ ಹತ್ತಿರದ ನಾರ್ವೆ ಎಂಬ ಹಳ್ಳಿಯ ಗೌಡರೊಬ್ಬರು ಬಂದರು. ನೀರಿಗೆ ಬಿದ್ದ ಫೋನನ್ನು ಒಣಗಲಿ ಅಂತ ಬಚ್ಚಲೊಲೆಯ ದಂಡೆಯ ಮೇಲಿಟ್ಟು, ಒಂದು ಬದಿ ಹಪ್ಪಳದ ಹಾಗೆ ಉಬ್ಬಿಸಿಕೊಂಡು ತಂದಿದ್ದರು. "ಅಣ್ಣ ಇಲ್ವಾ ತಂಗಿ?" ಅಂದರು. ನಮ್ಮ ಕಡೆ ಬಸ್ಸು ಓಡಿಸುವವನೂ ಅಣ್ಣ, ಚಹಾ ಕೊಡುವವನೂ ಅಣ್ಣ. ಅವರು ಕೇಳಿದ್ದು ರಿಪೇರಿಯವನನ್ನು. ಅಕ್ಕ ತಲೆಯೆತ್ತದೆ, "ಅಣ್ಣ ಊಟಕ್ಕೆ ಹೋಗಿದ್ದಾನೆ. ಇಟ್ಟು ಹೋಗಿ" ಅಂದುಬಿಟ್ಟರು. ಸಂಜೆ ಗೌಡರು ಬಂದಾಗ ಫೋನು ಸರಿಯಾಗಿತ್ತು. "ನಿಮ್ಮಣ್ಣಂದು ಬಂಗಾರದ ಕೈ ಮಾರಾಯ್ತಿ" ಅಂತ ಹೊಗಳಿ ಹೋದರು.

ಅವರು ಹೋದ ಮೇಲೆ ಅಕ್ಕ ಬಹಳ ಹೊತ್ತು ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಮರುದಿನದಿಂದ ಅಣ್ಣ ಅಂಗಡಿಯಲ್ಲಿ ಕಾಯಂ ಆದ. ಊಟಕ್ಕೆ ಹೋದವನು ಎಷ್ಟು ದಿನ ಊಟ ಮಾಡುತ್ತಾನೆ? ಹಾಗಾಗಿ ಒಂದು ಮೂಲೆಗೆ ಪ್ಲೈವುಡ್ ಮರೆ ಕಟ್ಟಿಸಿದೆವು. ಮರೆಯ ಹಿಂದೆ ಅಣ್ಣ, ಅಂದರೆ ನಾನು. ಎನ್. ಆರ್. ಪುರ ಬಸ್ಸಿನ ಕಂಡಕ್ಟರನ ಗಂಟಲಿಗೆ ನಮ್ಮ ದೊಡ್ಡಪ್ಪನ ಕೆಮ್ಮು ಸೇರಿಸಿ ಒಂದು ದನಿ ತಯಾರು ಮಾಡಿದ್ದೆ. ಗಿರಾಕಿಗೆ ಹೇಳಬೇಕಾದ್ದನ್ನು ಅಕ್ಕ ಚೀಟಿಯಲ್ಲಿ ಬರೆದು ಮರೆಯ ಸಂದಿಯಿಂದ ತೂರಿಸುತ್ತಿದ್ದರು, ನಾನು ಅದನ್ನು ಗುಡುಗುತ್ತಿದ್ದೆ, ಗಿರಾಕಿ ಇಳಿದುಹೋದ ಮೇಲೆ ಅಕ್ಕ ರಿಪೇರಿಗೆ ಕೂರುತ್ತಿದ್ದರು. ಅಣ್ಣನಿಗೆ ಬೇರೆಯೇ ಒಂದು ನಂಬರು, ಬರೆದದ್ದು ಗೋಡೆಯ ಮೇಲೆ, ಫೋನು ನನ್ನ ಜೇಬಿನಲ್ಲಿ.

ನಗುವ ವಿಷಯವೇ, ಒಪ್ಪುತ್ತೇನೆ. ಆದರೆ ಒಳಗೆ ಕೂತವನಿಗೆ ಬೆವರು ಇಳಿಯುತ್ತಿತ್ತು. ಹಿರೇಕೊಡಿಗೆಯ ಮೇಷ್ಟ್ರೊಬ್ಬರು "ಅಣ್ಣನ ಮುಖ ಒಂದ್ಸಲ ನೋಡಿ ಹೋಗ್ತೀನಿ" ಅಂತ ಮರೆಯ ಅಂಚಿಗೆ ಕೈ ಹಾಕಿಯೇಬಿಟ್ಟರು. ಅವರ ಉಗುರು ನನಗೆ ಕಾಣುತ್ತಿತ್ತು. "ಬರಬೇಡಿ ಮಾರಾಯ್ರೆ! ಬಿಸಿಗಾಳಿ ಮಶೀನು ಬಿಟ್ಟಿದ್ದೀನಿ, ಚಿಪ್ಪು ಹಾರಿ ಕಣ್ಣಿಗೆ ಬಿದ್ದರೆ ನಾನು ಜವಾಬ್ದಾರಿ ಅಲ್ಲ!" ಅಂತ ಕಿರುಚಿದೆ. ಉಗುರು ಹಿಂದೆ ಸರಿಯಿತು. ಮೇಷ್ಟ್ರು ಇಳಿದುಹೋದ ಮೇಲೆ ಮರೆಯಿಂದ ಇಣುಕಿದೆ. ಅಕ್ಕ ಐರನ್ ಹಿಡಿದ ಕೈ ಅಲುಗಿಸದೆ, "ಎಷ್ಟು ದಿನ ಹೀಗೆ?" ಅಂದರು. ನನ್ನನ್ನು ಕೇಳಿದ್ದೋ, ತಮ್ಮನ್ನೇ ಕೇಳಿಕೊಂಡದ್ದೋ...

ಈ ನಾಟಕ ಬೇಡ ಅನ್ನಿಸಿದಾಗೆಲ್ಲ ಅಣ್ಣನೇ ಗೆಲ್ಲುತ್ತಿದ್ದ. ಆಗ ನಮ್ಮಲ್ಲಿ ಒಂದು ಗ್ರೂಪ್ ಇತ್ತು, ಕೊಪ್ಪ, ಶೃಂಗೇರಿ, ಎನ್. ಆರ್. ಪುರ ಮೂರೂ ತಾಲೂಕಿನ ಮೊಬೈಲ್ ಹುಚ್ಚರದ್ದು. ಸಿರಿಮನೆ ಊರಿನ ಒಬ್ಬ, ತನ್ನ ಮನೆಯಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಸಿಗದೆ, ಗುಡ್ಡ ಹತ್ತಿ ಬಂದು ಫೈವ್ ಜಿ ವೇಗದ ಬಗ್ಗೆ ಜಗಳಕ್ಕೆ ಬೀಳುತ್ತಿದ್ದ. ನಾನೂ ಕಡಿಮೆಯಲ್ಲ. ಜನ್ಮದಲ್ಲಿ ಕೊಳ್ಳಲಾಗದ ಫೋನಿನ ಪರವಾಗಿ ಗೆಳೆಯರ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದೇನೆ. ಅಲ್ಲಿ ಅಕ್ಕ ಒಮ್ಮೆ ತಮ್ಮ ಹೆಸರಿನಲ್ಲೇ ಬರೆದರು, ಎಲ್ಲರೂ ಬೈಯುತ್ತಿದ್ದ ಒಂದು ಮಾಡೆಲ್ ಬಿಸಿಯಾಗುವುದು ಬ್ಯಾಟರಿಯಿಂದಲ್ಲ, ಚಾರ್ಜಿಂಗ್ ಚಿಪ್ಪಿನಿಂದ ಅಂತ. ಒಬ್ಬ ಉತ್ತರಿಸಿದ: "ಮೇಡಂ, ನೀವು ಕವರಿನ ಬಣ್ಣದ ಬಗ್ಗೆ ಹೇಳಿ." ಮೂವತ್ತು ಜನ ನಕ್ಕರು. ಮರುದಿನ ಅದೇ ಮಾತನ್ನು ಅಣ್ಣನ ದನಿಯಲ್ಲಿ ರೆಕಾರ್ಡ್ ಮಾಡಿ ಹಾಕಿದೆ. "ಗುರುಗಳೇ, ಕಾಲು ಎಲ್ಲಿ?" ಅಂತ ಅದೇ ಮೂವತ್ತು ಜನ ಅಡ್ಡಬಿದ್ದರು.

ವಿಡಿಯೋ ಚಾನೆಲ್ ಶುರುವಾದದ್ದು ಹಾಗೆ. ಪರದೆಯಲ್ಲಿ ಕೈ ಮಾತ್ರ, ಹಿಂದೆ ಅಣ್ಣನ ದನಿ. ಬಳೆ ಕಾಣುತ್ತದೆ ಅಂತ ಅಕ್ಕನಿಗೆ ಉದ್ದದ ನೀಲಿ ಗ್ಲೌಸ್ ಹಾಕಿಸಿದವನು ನಾನು. ಒಳ್ಳೆಯ ಉಪಾಯ ಅಂತ ಬೆನ್ನು ತಟ್ಟಿಕೊಂಡವನೂ ನಾನೇ. ಜನ ನೋಡಿದರು, ಹಂಚಿದರು. ಚಿಕ್ಕಮಗಳೂರಿನಿಂದಲೂ ಅಣ್ಣನನ್ನು ಹುಡುಕಿಕೊಂಡು ಬಂದರು. ಪ್ರತಿ ಸಲವೂ ಅಣ್ಣ ಶೃಂಗೇರಿಗೆ ಹೋಗಿರುತ್ತಿದ್ದ. ಅಷ್ಟು ಸಲ ಶೃಂಗೇರಿಗೆ ಹೋದವನು ಇಷ್ಟೊತ್ತಿಗೆ ಸನ್ಯಾಸಿಯಾಗಬೇಕಿತ್ತು.

ಆಮೇಲೆ ಒಂದು ಕರೆ ಬಂತು. ದೊಡ್ಡ ಊರಿನ ರಿಪೇರಿ ತರಬೇತಿ ಸಂಸ್ಥೆಯೊಂದು ನಮ್ಮ ಮೂರು ತಾಲೂಕಿಗೆ ಒಂದು ಕೇಂದ್ರ ತೆರೆಯುತ್ತಿತ್ತು. ಕಲಿಸಲಿಕ್ಕೆ ಅಣ್ಣ ಬೇಕಂತೆ. ಬಂದು ಕೆಲಸ ನೋಡಿ, ಅಲ್ಲೇ ತೀರ್ಮಾನ ಹೇಳುತ್ತಾರಂತೆ.

ಅಕ್ಕ ಆ ದಿನ ಯಾವ ಫೋನನ್ನೂ ಮುಟ್ಟಲಿಲ್ಲ. ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು, "ನೋಡು, ಈ ಕೆಲಸ ನನಗೆ ಬೇಕು. ಹುಡುಗೀರಿಗೂ ಕಲಿಸಬಹುದು. ನನ್ನ ಹೆಸರಲ್ಲೇ ಬೇಕು. ಈ ಸಲ ಅಣ್ಣ ಬೇಡ. ನಾನೇ ಮಾತಾಡ್ತೀನಿ. ದಮ್ಮಯ್ಯ ಅಂತೀನಿ, ನೀನು ಬಾಯಿ ಮುಚ್ಚಿಕೊಂಡಿರು."

"ಆಯ್ತಕ್ಕ" ಅಂದೆ, ನನ್ನ ಸ್ವಂತ ದನಿಯಲ್ಲೇ. ಇಬ್ಬರೂ ಸೇರಿ ಪ್ಲೈವುಡ್ ಮರೆಯ ಸ್ಕ್ರೂ ಬಿಚ್ಚಿ, ಹಲಗೆಯನ್ನು ಗೋಡೆಗೆ ಒರಗಿಸಿದೆವು. ಅಂಗಡಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು.

ಇಬ್ಬರು ಬಂದರು. ಒಬ್ಬರು ತಲೆ ನೆರೆತವರು, ಮಾತೆಲ್ಲ ಅವರದ್ದೇ. ಇನ್ನೊಬ್ಬ ಬ್ಯಾಗ್ ಹೊತ್ತವನು. ಕೂತವರೇ ಹಿರಿಯರು ಆಚೀಚೆ ನೋಡಿ, "ಅಣ್ಣ ಎಲ್ಲಿದ್ದಾರಮ್ಮ?" ಅಂದರು.

"ಅಣ್ಣ ಅಂತ ಯಾರೂ ಇಲ್ಲ ಸಾರ್. ವಿಡಿಯೋದಲ್ಲಿ ಇರೋದು ನನ್ನ ಕೈ. ಕೆಲಸ ಎಲ್ಲ ನಂದೇ."

ಅವರು ನಕ್ಕರು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ನಗುತ್ತಾರಲ್ಲ, ಹಾಗೆ. ಬ್ಯಾಗಿನವನು ಒಂದು ಸತ್ತ ಫೋನಿನ ಬೋರ್ಡ್ ತೆಗೆದು ಮೇಜಿನ ಮೇಲಿಟ್ಟ. "ಸರಿ, ಇದನ್ನ ಎಬ್ಬಿಸಿ ನೋಡೋಣ."

ಅಕ್ಕ ಗ್ಲೌಸ್ ಹಾಕಲಿಲ್ಲ. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡು ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟರು. ಫ್ಲಕ್ಸಿನ ಹೊಗೆ ಎದ್ದಿತು. ಸಾಸಿವೆಗಿಂತ ಚಿಕ್ಕ ಬಿಡಿಭಾಗ ಒಂದು ಎಲ್ಲೋ ಒಳಗೆ ಶಾರ್ಟ್ ಆಗಿತ್ತು, ನೂರಾರರ ನಡುವೆ ಅದೊಂದನ್ನೇ ಹಿಡಿಯಬೇಕು. ಪಕ್ಕದ್ದಕ್ಕೆ ಬಿಸಿ ತಾಗಿದರೆ ಬೋರ್ಡೇ ಹೋಯಿತು. ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹೊನ್ನೂರು, ಬಾಳೆಹೊನ್ನೂರು ಅಂತ ಕೂಗುತ್ತಿದ್ದರು. ಅಕ್ಕನ ಚಿಮುಟ ಒಮ್ಮೆ ನಿಂತಿತು, ಹಿಂದೆ ಬಂತು, ಮತ್ತೆ ಇಳಿಯಿತು... ಹೊಸ ಭಾಗ ಕೂತಿತು. ಬ್ಯಾಟರಿಯನ್ನೂ ಒಂದು ಪರದೆಯನ್ನೂ ಸೇರಿಸಿದರು. ಪರದೆ ಕಪ್ಪು. ಇನ್ನೂ ಕಪ್ಪು. ಆಮೇಲೆ ಬೆಳಕು.

ಬ್ಯಾಗಿನವನು ಚಪ್ಪಾಳೆ ತಟ್ಟಿದ. ಹಿರಿಯರು ಕನ್ನಡಕ ತೆಗೆದು ಅಕ್ಕನನ್ನು ಮೊದಲ ಸಲ ಸರಿಯಾಗಿ ನೋಡಿದರು. ನಂಬುವ ಅಂಚಿಗೆ ಬಂದಿದ್ದರು, ನನಗೆ ಕಾಣುತ್ತಿತ್ತು. "ಆದರೂ ಖಾತ್ರಿಗೆ ಒಂದು ಮಾತು" ಅಂದು ಗೋಡೆಯ ಮೇಲಿದ್ದ ಅಣ್ಣನ ನಂಬರನ್ನು ಒತ್ತಿದರು.

ಜೇಬಿನಲ್ಲಿ ಫೋನು ಗುಂಯ್ ಅಂದಿತು. ಒಳಗೇ ತೆಗೆದು, "ಸಾರ್, ಅಣ್ಣ ನಾನೇ, ಸುಳ್ಳು ದನಿ" ಅಂದಿದ್ದರೆ ಮುಗಿಯುತ್ತಿತ್ತು. ಸುಮ್ಮನೆ ಬಿಟ್ಟಿದ್ದರೂ ಸಾಕಿತ್ತು. ನಾನು ಎದ್ದು ಹೊರಗೆ ಮೆಟ್ಟಿಲಿಗೆ ಬಂದೆ. ಗುಟ್ಟು ಬಯಲಾದರೆ ಗ್ರೂಪಿನವರು ಏನಂದಾರು, ಚಾನೆಲ್ ಏನಾದೀತು ಎಂಬ ಹೆದರಿಕೆ. ಅದರ ಜೊತೆಗೇ, ಇದನ್ನು ಹೇಳಲು ಈಗಲೂ ನಾಚಿಕೆ, ಅಕ್ಕನಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹುರುಪು. ಅಣ್ಣನೇ ಶಿಫಾರಸು ಮಾಡಿದರೆ ಯಾರು ಬೇಡ ಅಂತಾರೆ?

ಕೆಮ್ಮಿದೆ. "ಹ್ಞಾಂ, ಹೇಳಿ ಸಾರ್. ನಾನು ಶೃಂಗೇರಿಯಲ್ಲಿದ್ದೀನಿ. ಆ ಹುಡುಗಿನಾ? ಧಾರಾಳವಾಗಿ ನಂಬಿ. ನಾನೇ ಕಲಿಸಿದ್ದು. ನನ್ನ ಕೈಕೆಳಗೆ ಪಳಗಿದ ಕೈ ಅದು."

ಒಳಗೆ ಬಂದಾಗ ಹಿರಿಯರ ಮುಖ ಅರಳಿತ್ತು. "ನಿಮ್ಮ ಗುರುಗಳು ಒಳ್ಳೆ ಮಾತು ಹೇಳಿದರಮ್ಮ. ತಮಾಷೆ ಮಾಡಿ ನಮ್ಮನ್ನೇ ಏಮಾರಿಸ್ತಿದ್ರಿ ನೀವು! ಅವರು ಕಲಿಸೋಕೆ ಒಪ್ಪಿದರೆ, ನೀವು ಜೊತೆಗೆ ಸಹಾಯಕ್ಕೆ ಇರಿ."

ಅಕ್ಕ ನನ್ನ ಮುಖ ನೋಡಲಿಲ್ಲ. ನನ್ನ ಜೇಬು ನೋಡಿದರು. ನಾನು ಬಾಯಿ ತೆರೆದೆ... ಯಾವ ದನಿಯೂ ಬರಲಿಲ್ಲ.

"ಅವನು ಒಪ್ಪಲ್ಲ ಸಾರ್" ಅಂದರು ಅಕ್ಕ.

ಅವರು ಇಳಿದುಹೋದರು. ಓಡಿಹೋಗಿ ಹಿಡಿಯಬಹುದಿತ್ತು. ಅವರು ಬೇಕರಿಯಲ್ಲಿ ಕೂತು ಪಫ್ಸ್ ತಿಂದು, ನಿಧಾನವಾಗಿಯೇ ಹೋದರು. ನಾನು ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಅಕ್ಕ ಐರನ್ ಆರಿಸಿ, ತುದಿ ಒರೆಸಿ, ಜಾಗದಲ್ಲಿಟ್ಟು ಹೇಳಿದರು, "ಚೆನ್ನಾಗಿ ಮಾತಾಡಿದೆ ಮಾರಾಯ."

ಬೈದಿದ್ದರೆ ಅದನ್ನೂ ಅನುಕರಿಸಿ ನಗಿಸುತ್ತಿದ್ದೆನೇನೋ.

ಕೇಂದ್ರ ಬೇರೆ ಕಡೆಗೆ ಹೋಯಿತು. ತಿಂಗಳೊಳಗೆ ಅಕ್ಕ ಅಂಗಡಿ ಮುಚ್ಚಿದರು. ಘಟ್ಟದ ಕೆಳಗೆ ಹೋದರು ಅಂತ ಬೇಕರಿಯವರು ಹೇಳಿದರು. ಎಲ್ಲಿಗೆ ಅಂತ ಅವರಿಗೂ ಗೊತ್ತಿರಲಿಲ್ಲ. ನಂಬರು ಚಾಲ್ತಿಯಲ್ಲಿಲ್ಲ. ಈಗ ಆ ಜಾಗದಲ್ಲಿ ಒಬ್ಬರು ಬ್ಲೌಸ್ ಹೊಲಿಯುತ್ತಾರೆ.

ಈ ವಾರ ಧೈರ್ಯ ಮಾಡಿ ಅದೇ ಚಾನೆಲ್ಲಿನಲ್ಲಿ ಒಂದು ವಿಡಿಯೋ ಹಾಕಿದೆ. ಮುಖ ತೋರಿಸಿ, ನನ್ನ ದನಿಯಲ್ಲೇ ಎಲ್ಲವನ್ನೂ ಹೇಳಿದೆ. ಅಣ್ಣ ಯಾವತ್ತೂ ಇರಲಿಲ್ಲ, ಆ ಕೈ ಅಕ್ಕನದು ಅಂತ. ನೋಡಿದವರು ಹೊಟ್ಟೆ ಹಿಡಿದು ನಕ್ಕಿದ್ದಾರೆ. "ಸೂಪರ್ ಕಾಮಿಡಿ ಅಣ್ಣ." "ಅಳೋ ಆ್ಯಕ್ಟಿಂಗ್ ಬೆಂಕಿ." ಒಬ್ಬ ಕೇಳಿದ್ದಾನೆ: "ಹಾಗಾದ್ರೆ ಅಕ್ಕನ ವಾಯ್ಸ್ ಮಾಡಿ ತೋರಿಸು ಬ್ರೋ."

ಬಾಗಿಲು ಹಾಕಿಕೊಂಡು ಪ್ರಯತ್ನಿಸಿದೆ. ಬರಲಿಲ್ಲ. ಅಕ್ಕ ಆಡಿದ ಮಾತುಗಳೆಲ್ಲ ಗೊತ್ತು, ಒಂದಕ್ಷರ ಮರೆತಿಲ್ಲ. ದನಿ ಮಾತ್ರ ಸಿಗುತ್ತಿಲ್ಲ. ಅಷ್ಟು ದಿನ ಅವರ ಮಾತನ್ನು ನಾನು ಚೀಟಿಯಲ್ಲಿ ಓದಿದ್ದೇ ಹೆಚ್ಚು... ಈಗ ಯಾರ ದನಿಯನ್ನು ಬೇಕಾದರೂ ತಯಾರಿಸಿ ಕೊಡುವ ಆ್ಯಪ್‌ಗಳಿವೆಯಲ್ಲ, ಅದರಲ್ಲೂ ನೋಡಿದೆ. ಅರ್ಧ ನಿಮಿಷದ ಮಾತು ಕೊಟ್ಟರೆ ಸಾಕಂತೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಎಲ್ಲ ವಿಡಿಯೋಗಳ ಕಚ್ಚಾ ತುಣುಕುಗಳನ್ನು ಎರಡು ದಿನ ಕೂತು ಕೇಳಿದೆ. ಉದ್ದಕ್ಕೂ ನಾನೇ, ನನ್ನದೇ ಕೆಮ್ಮು, ನನ್ನದೇ ನಗು. ಒಂದು ಕಡೆ ಮಾತ್ರ ಹಿಂದಿನಿಂದ ಅಕ್ಕ, "ಲೈಟು ಸ್ವಲ್ಪ ಈಚೆ ಹಿಡಿಯೋ" ಅಂತಾರೆ. ಅಷ್ಟೇ ಇರುವುದು.

ಅದನ್ನೇ ಕೊಟ್ಟೆ. ಮಾದರಿ ಸಾಲದು, ಇನ್ನಷ್ಟು ಮಾತಾಡಿಸಿ ಅಂತ ಪರದೆಯಲ್ಲಿ ಬಂತು.