ಹಲಗೆಯ ಮೇಲಿನ ಬಿಲ್ಲೆ

ವೆಬ್‌ಸೈಟ್ ಕಟ್ಟುವ ಸಲಕರಣೆಗಳಲ್ಲಿ ರಿಯಾಕ್ಟೋ ಜ್ಯಾಂಗೋನೋ ಎಂದು ಜನ ಕಿತ್ತಾಡುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಕಾಲಕ್ಕೆ ನಾನೂ ಕಿತ್ತಾಡಿದವಳೇ. ಮುಚ್ಚಿಹೋದ ಚಿನ್ನದ ಗಣಿಯ ಊರು ಉರಿಗಾಂನಲ್ಲಿ, ಗಣಿ ಕಾರ್ಮಿಕರ ಹಳೆ ಮನೆಯೊಂದರಲ್ಲಿ ಕೂತು ಬಂಗಾರಪೇಟೆಯ ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದು ನನ್ನ ಕೆಲಸ.

ನಮ್ಮ ಬೀದಿಯ ಹೆಂಗಸರು ಹಸು ಮೇಯಿಸಲು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬದ ಆಚೆ ಹೋಗುತ್ತಾರೆ. ಅಲ್ಲಿ ಬಾಯಿ ಮುಚ್ಚದ ಗಣಿ ಬಾವಿಗಳಿವೆ. ಯಾರು ಹೋದರು, ಯಾರು ಬಂದರು ಎಂದು ಮನೆಯವರಿಗೆ ತಿಳಿಯಲಿ ಅಂತ ಒಂದು ಪುಟ್ಟ ಆ್ಯಪ್ ಮಾಡಹೊರಟೆ. ಮಾವ ಗಣಿಯ ಬಿಲ್ಲೆ ಕೋಣೆಯಲ್ಲಿ ಕೆಲಸ ಮಾಡಿದವರು. ಕೆಳಗಿಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕಬೇಕು, ಮೇಲೆ ಬಂದಮೇಲೆ ತನ್ನ ಕೈಯಾರೆ ತೆಗೆಯಬೇಕು. ಬಿಲ್ಲೆ ಉಳಿದಿದ್ದರೆ ಆಳು ಒಳಗಿದ್ದಾನೆ ಅಂತ. ನಾನು ಅದೇ ಪದ್ಧತಿ ತೆಗೆದುಕೊಂಡೆ: ಹೊರಡುವಾಗ ‘ಹೋದರು’, ಬಂದಮೇಲೆ ‘ಬಂದರು’ ಎಂದು ಅವರವರೇ ಫೋನಿನಲ್ಲಿ ಒತ್ತಬೇಕು.

ರಿಯಾಕ್ಟ್, ಜ್ಯಾಂಗೋ ಎರಡರಲ್ಲೂ ಕಟ್ಟಿ ನೋಡಿದೆ. ಜ್ಯಾಂಗೋದ್ದು ಪ್ರತಿ ಸಲ ಸರ್ವರ್‌ನಿಂದ ಇಡೀ ಪುಟ ತರಿಸುತ್ತಿತ್ತು; ನೆಟ್ ಇಲ್ಲದಿದ್ದರೆ ಬರೀ ಬಿಳಿ ಪುಟ. ರಿಯಾಕ್ಟಿನದು ಫೋನಿನಲ್ಲೇ ತಯಾರಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ನೆಟ್ ಹೋದರೂ ಕಡೆಯ ಸಲ ಕಂಡಿದ್ದನ್ನು ತೋರಿಸಲಿ ಅಂತ ನಾನೇ ಬರೆದು ಜಂಬಪಟ್ಟಿದ್ದೆ. ಪರೀಕ್ಷೆಗೆ ಅದನ್ನೇ ನನ್ನ ಫೋನಿಗೂ ಅತ್ತೆಯ ಫೋನಿಗೂ ಹಾಕಿದೆ.

ಒಂದು ದಿನ ಮಧ್ಯಾಹ್ನದಿಂದ ನೆಟ್ ಇರಲಿಲ್ಲ, ಫೋನ್ ಕರೆಯೂ ಹೋಗುತ್ತಿರಲಿಲ್ಲ. ಸಂಜೆಯ ಗಾಳಿಗೆ ದಿಬ್ಬದ ಬೂದು ಮಣ್ಣು ಎದ್ದು ಬೀದಿಯ ಕೊನೆಯೇ ಕಾಣುತ್ತಿರಲಿಲ್ಲ. ಅತ್ತೆ ಎಲ್ಲಿ ಎಂದು ಮಾವ ಕೇಳಿದರು. ಫೋನ್ ನೋಡಿದೆ. ಅತ್ತೆಯ ಹೆಸರಿನ ಮುಂದೆ ‘ಬಂದರು’ ಎಂದಿತ್ತು.

“ಬಂದವ್ರೆ ಮಾವ. ಇತ್ಲಲ್ಲಿರ್ಬೇಕು.”

ಹಿತ್ತಲಿಗೆ ಹೋದೆ. ಕೊಟ್ಟಿಗೆ ಖಾಲಿ. ಬಾನಿಯ ನೀರಿನ ಮೇಲೆ ಮಣ್ಣಿನ ಕೆನೆ ಕಟ್ಟಿತ್ತು. ಹಸು ಬಾಯಿ ಹಾಕಿರಲಿಲ್ಲ. ಕೈಯಲ್ಲಿನ ಫೋನ್ ಮಾತ್ರ ‘ಬಂದರು’ ಅನ್ನುತ್ತಲೇ ಇತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಒಳಗೆ ಬಂದು ಒಂದೊಂದೇ ಕೋಣೆಯಲ್ಲಿ ಅತ್ತೆ ಕೂತಿದ್ದಾರಾ ಎಂದು ನೋಡಿದೆ. ಅಷ್ಟು ನಂಬಿದ್ದೆ ನಾನು ಬರೆದದ್ದನ್ನು.

“ಬಿಲ್ಲೆ ಅವ್ಳೇ ತಗುದ್ಲಾ?” ಮಾವ ಕೇಳಿದರು.

“ಗೊತ್ತಿಲ್ಲ ಮಾವ.”

ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಹೇಳಿದರು: “ಒಂದ್ಸಲ ಒಬ್ನ ಬಿಲ್ಲೆ ನಾನೇ ತಗುದ್ಬುಟ್ಟೆ ಕಣಮ್ಮ. ಮೇಲ್ ಬಂದಿರ್ತಾನೆ, ಮರ್ತು ಓಗವ್ನೆ ಅಂತ. ಅವತ್ತು ಯಾರೂ ಅವನ್ನ ಉಡುಕ್ಲಿಲ್ಲ.”

ಇಬ್ಬರೂ ದಿಬ್ಬದ ಕಡೆ ಓಡಿದೆವು. ಕೂಗಿದರೆ ಬಾಯಿಗೆ ಮಣ್ಣು ತುಂಬುತ್ತಿತ್ತು. ಕೊನೆಗೆ ಆ ಮಬ್ಬಿನಲ್ಲಿ ನೆಲದ ಹತ್ತಿರ ಒಂದು ಸಣ್ಣ ಬೆಳಕು ಕಂಡಿತು. ಅತ್ತೆಯ ಮಡಿಲಲ್ಲಿದ್ದ ಫೋನು. ಹಸುವಿನ ಹಗ್ಗ ಹಿಡಿದು ಸುಮ್ಮನೆ ಕೂತಿದ್ದರು. ಮೂರು ಹೆಜ್ಜೆ ಆಚೆ ಗಣಿ ಬಾವಿ; ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು.

“ಕೂಗ್ಬಾರ್ದಿತ್ತಾ ಅತ್ತೆ?” ಅಳು ಬಂದುಬಿಟ್ಟಿತು.

“ದಾರಿ ಕಾಣ್ಲಿಲ್ಲ. ಇದ್ರಲ್ಲಿ ನೋಡಿದ್ರೆ ನಾನು ಆಗ್ಲೇ ಮನೆಗ್ ಬಂದಿವ್ನಿ ಅಂತೈತೆ. ಇನ್ಯಾರು ಉಡುಕ್ಕಂಡ್ ಬತ್ತಾರೆ ಅಂತ ಕೂತ್ಕಂಡೆ ಕಣಮ್ಮ.”

ಅವರು ಹೊರಡುವಾಗ ಒತ್ತಿದ್ದು ನೆಟ್ ಇಲ್ಲದೆ ಎಲ್ಲಿಗೂ ತಲುಪಿರಲಿಲ್ಲ. ಹಿಂದಿನ ದಿನದ ‘ಬಂದರು’ ಎರಡೂ ಫೋನಿನಲ್ಲಿ ಹಾಗೇ ನಿಂತಿತ್ತು. ತಪ್ಪು ರಿಯಾಕ್ಟಿನದಲ್ಲ, ನನ್ನದು.

ಈಗ ನಮ್ಮ ಬೀದಿಯಲ್ಲಿ, ನೆಟ್ ಇಲ್ಲದಾಗ ಹಳೆಯದನ್ನು ತೋರಿಸದ ಜ್ಯಾಂಗೋದ್ದೇ ನಡೆಯುತ್ತಿದೆ. ನಿಧಾನ ಅಂತ ಹೆಂಗಸರು ಬೈಯುತ್ತಾರೆ, ಬೈಯಲಿ. ಬಿಳಿ ಪುಟ ಬಂದರೆ ಮಾವ ಏನೂ ಕೇಳುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ದಿಬ್ಬದ ಕಡೆ ಹೊರಡುತ್ತಾರೆ.