ಪಿಟ್ ಗೋಡೆಯ ಬಳಿ ನಿಂತವಳು

ಇಂಥ ಸಂಗತಿಗಳನ್ನು ನಾನು ಎಂದೂ ನಂಬಿದವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂವತ್ತೊಂದು ವರ್ಷ ಮ್ಯಾಥ್ಸ್ ಕಲಿಸಿದವಳು ನಾನು. ಗಂಡನ ಕಡೆಯ ಹೆಂಗಸರು ಒಟ್ಟಾದಾಗ, ಸತ್ತವರು ಕಾಣಿಸಿಕೊಂಡರು, ಊರಲ್ಲಿದ್ದವರು ಇಲ್ಲಿ ಬಾಗಿಲು ತಟ್ಟಿದರು ಎಂದೆಲ್ಲ ತುಳುವಿನಲ್ಲಿ ಪಿಸುಗುಟ್ಟುತ್ತಿದ್ದರು. ಆಗ ನಾನು "ಪ್ರೂಫ್ ಉಂಟಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಏಕೆಂದರೆ ನಾನು ಹೇಳಹೊರಟಿರುವ ಸಂಗತಿಗೆ ನನ್ನ ಬಳಿ ಪ್ರೂಫ್ ಇದೆ. ಅದು ನನ್ನದೇ ಕೈಬರಹದಲ್ಲಿದೆ. ಆದರೆ ಅದು ಏನನ್ನು ಪ್ರೂವ್ ಮಾಡುತ್ತದೆಂಬುದು ಬೇರೆ ಪ್ರಶ್ನೆ.

ನನ್ನ ಮಗಳು ಶಾಲಿನಿ ಮೋಟಾರ್‌ಸೈಕಲ್ ರೇಸ್ ಮಾಡುತ್ತಿದ್ದಳು. ಈ ಹುಚ್ಚು ಹಿಡಿಸಿದವರು ಅವಳ ಅಪ್ಪ. ಅವರದು ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನ್ ಇತ್ತು. ರಜೆಯ ದಿನ ಅಲ್ಲಿನ ರಸ್ತೆಗಳು ಖಾಲಿ ಹೊಡೆಯುತ್ತಿದ್ದವು. ಅಲ್ಲಿ ಅವಳನ್ನು ಬೈಕಿನ ಮೇಲೆ ಕೂರಿಸಿ ತಾವು ಹಿಂದೆ ಓಡುತ್ತಿದ್ದರು. ಅವರು ಹೋದ ಮೇಲೆ ಹುಚ್ಚೂ ಹೋದೀತೆಂದು ನಾನು ಎಣಿಸಿದ್ದೆ. ಅದು ಬಲಿಯಿತು. ಅದೇ ರಬಾಳೆಯ ಒಂದು ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಹಿಡಿದು, ರಜೆಯನ್ನೆಲ್ಲ ಕೂಡಿಟ್ಟು ರೇಸಿಗೆ ಸುರಿದಳು.

ಎರಡು ವರ್ಷ ಅವಳಿಗೆ ಒಂದು ದೊಡ್ಡ ರೇಸಿಗೂ ಕ್ವಾಲಿಫೈ ಆಗಲು ಸಾಧ್ಯವಾಗಲಿಲ್ಲ. ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಸ್ ಎಂದರೆ ಒಂದು ದಿನದ ಆಟವಲ್ಲ. ಶುಕ್ರವಾರ ಪ್ರಾಕ್ಟೀಸ್, ಶನಿವಾರ ಕ್ವಾಲಿಫೈಯಿಂಗ್, ಭಾನುವಾರ ರೇಸ್. ಶುಕ್ರವಾರ ಎಷ್ಟು ತಪ್ಪಿದರೂ ಯಾರೂ ಕೇಳುವುದಿಲ್ಲ. ಅದು ರಫ್ ವರ್ಕ್ ಇದ್ದ ಹಾಗೆ. ಶನಿವಾರದ್ದೇ ಪರೀಕ್ಷೆ. ಇಪ್ಪತ್ತು ನಿಮಿಷದೊಳಗೆ ಎಷ್ಟು ಸುತ್ತು ಬೇಕಾದರೂ ಹೊಡೆಯಬಹುದು, ಆದರೆ ನಿಮ್ಮ ಅತ್ಯಂತ ವೇಗದ ಒಂದೇ ಒಂದು ಸುತ್ತು ಲೆಕ್ಕಕ್ಕೆ. ಆ ಸಲ ಇಪ್ಪತ್ತೆರಡು ಜನ ಇದ್ದರು, ಭಾನುವಾರಕ್ಕೆ ಜಾಗ ಹದಿನಾರೇ.

ಆ ಸಲದ ರೇಸ್ ನವಿ ಮುಂಬಯಿಯಲ್ಲೇ ನಡೆಯಿತು. ಪನವೇಲ್ ಕಡೆ ಆಗಿನ್ನೂ ಕಟ್ಟಡಗಳು ಏಳದ ಅಗಲ ರಸ್ತೆಗಳಿದ್ದವು. ಅವನ್ನು ಮೂರು ದಿನ ಮುಚ್ಚಿ, ಹಳೇ ಟೈರುಗಳ ಗೋಡೆ ಕಟ್ಟಿ ಟ್ರ್ಯಾಕ್ ಮಾಡಿದ್ದರು. ಶಾಲಿನಿಯ ಟೀಮ್ ಎಂದರೆ ಅವಳು, ಮತ್ತೆ ಸಾವಂತ್ ಎಂಬ ಕಲ್ಯಾಣದ ಮೆಕ್ಯಾನಿಕ್, ಅಷ್ಟೇ. ಹಾಗಾಗಿ ನನ್ನನ್ನು ಕೇಳಿದಳು.

"ಅಮ್ಮಾ, ಬೋರ್ಡ್ ಹಿಡೀಲಿಕ್ಕೆ ಜನ ಇಲ್ಲ ಮಾರಾಯ್ತಿ. ನೀನು ಬಾ. ಜಿಂದಗೀಭರ್ ಬೋರ್ಡ್ ಮೇಲೆ ಬರೆದಿದ್ದೀಯ, ಇದೊಂದು ಬೋರ್ಡ್ ಹಿಡಿ."

"ಈ ಸಲವೂ ಕ್ವಾಲಿಫೈ ಆಗದಿದ್ದರೆ?"

"ಆಗದಿದ್ರೆ ಬಿಟ್ಟುಬಿಡ್ತೇನೆ. ಪ್ರಾಮಿಸ್. ಬೈಕ್ ಮಾರ್ತೇನೆ."

ನಾನು ಬರುತ್ತೇನೆಂದೆ.

ಆ ಬೋರ್ಡಿನ ಬಗ್ಗೆ ಹೇಳಲೇಬೇಕು. ಬೈಕು ಓಡಿಸುವವರಿಗೆ ತಾವು ಎಷ್ಟನೆಯವರೆಂದು ಗೊತ್ತಾಗುವುದಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ಸೊಂಟದೆತ್ತರದ ಒಂದು ಗೋಡೆ ಇರುತ್ತದೆ, ಪಿಟ್ ಗೋಡೆ ಎನ್ನುತ್ತಾರೆ. ಅವರವರ ಕಡೆಯವರು ಅಲ್ಲಿ ನಿಂತು, ಲೌಡ್‌ಸ್ಪೀಕರಿನಲ್ಲಿ ಹೇಳಿದ ಸ್ಥಾನವನ್ನು ಕಪ್ಪು ಬೋರ್ಡಿನಲ್ಲಿ ಅಂಕಿ ಸಿಕ್ಕಿಸಿ, ಗೋಡೆಯಾಚೆ ಚಾಚಿ ತೋರಿಸಬೇಕು. ಅವರು ಹಾದುಹೋಗುವ ಒಂದು ಕ್ಷಣದಲ್ಲಿ ಅದನ್ನು ಓದಿಕೊಳ್ಳುತ್ತಾರೆ. ನಮ್ಮ ಬೋರ್ಡಿನಲ್ಲಿ ಏಳರ ಅಂಕಿ ಕಳೆದುಹೋಗಿತ್ತು. ನನ್ನ ಪರ್ಸಿನಲ್ಲಿ ರಿಟೈರ್ ಆದ ಮೇಲೂ ಒಂದು ಸೀಮೆಸುಣ್ಣ ಇರುತ್ತಿತ್ತು. ಶುಕ್ರವಾರ, ಏಳು ನಿಮಿಷ ಉಳಿದಿದೆ ಎಂದು ತೋರಿಸಲು, ಬೋರ್ಡಿನ ಕೆಳಸಾಲಿನಲ್ಲಿ ಅದರಿಂದಲೇ ಏಳು ಬರೆದೆ. ನನ್ನ ಏಳಿಗೆ ನಡುವೆ ಒಂದು ಅಡ್ಡಗೆರೆ, ಬುಡದಲ್ಲಿ ಎಡಕ್ಕೊಂದು ಸಣ್ಣ ಕೊಕ್ಕೆ. ಯುರೋಪಿನಿಂದ ಬಂದಿದ್ದ ಒಬ್ಬ ಸಿಸ್ಟರ್ ನನಗೆ ಲೆಕ್ಕ ಕಲಿಸಿದವರು. ಅವರು ಹಾಗೆ ಬರೆಯುತ್ತಿದ್ದರು. ಸಾವಂತ್ ನೋಡಿ, ಇದು ಏಳೋ ಸ್ಕ್ರೂ ಡ್ರೈವರೋ ಎಂದು ನಕ್ಕ. "ಕಾಕೂ, ಯೇ ಸಾತ್ ಹೈ ಕಿ ಸ್ಕ್ರೂ ಡ್ರೈವರ್?"

ಅದಾದ ಎರಡೇ ಸುತ್ತಿಗೆ, ನನ್ನ ಕಣ್ಣೆದುರಿನ ತಿರುವಿನಲ್ಲಿ, ಶಾಲಿನಿ ಬಿದ್ದಳು. ಬೈಕು ಒಂದು ಕಡೆ, ಅವಳು ಒಂದು ಕಡೆ, ಟಾರಿನ ಮೇಲೆ ಜಾರುತ್ತಾ ಟೈರುಗಳವರೆಗೆ ಹೋದರು. ಅವಳು ಎದ್ದಳು, ಕೈ ಎತ್ತಿ ಏನೂ ಆಗಿಲ್ಲವೆಂದು ತೋರಿಸಿದಳು. ಭುಜದ ಮೇಲಿನ ಚರ್ಮದ ಸೂಟು ತರಕಾರಿ ತುರಿದ ಹಾಗೆ ತುರಿದುಹೋಗಿತ್ತು. ನಾನು ಬೋರ್ಡನ್ನು ಗೋಡೆಗೆ ಒರಗಿಸಿ, ಏಳನ್ನು ಕರ್ಚೀಫಿನಿಂದ ಒರೆಸಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಮನೆಗೆ ಬಂದು ಆ ಕರ್ಚೀಫನ್ನು ಒಗೆದಾಗ ಬಕೆಟಿನ ನೀರು ಬೆಳ್ಳಗಾಯಿತು.

ಶಾಲಿನಿ ಟ್ರ್ಯಾಕಿಗೆ ಹತ್ತಿರದ ಕಾಮೋಠೆಯಲ್ಲಿ ಗೆಳತಿಯ ಮನೆಯಲ್ಲಿ ಉಳಿದಳು. ನಾಳೆ ಹನ್ನೊಂದಕ್ಕೆ ಕ್ವಾಲಿಫೈಯಿಂಗ್, ಅದಕ್ಕೆ ಮೊದಲು ಬರುತ್ತೇನೆಂದು ಹೇಳಿ ನಾನು ಡೊಂಬಿವಲಿಗೆ ಬಂದೆ.

ಶನಿವಾರ ಬೆಳಿಗ್ಗೆ ಕಂದು ಸೀರೆ ತೆಗೆದಿಟ್ಟಿದ್ದೆ. ಅದರ ಫಾಲ್ ಬಿಚ್ಚಿದ್ದು ಕಂಡು, ತಿಳಿನೀಲಿ ಕಾಟನ್ ಸೀರೆ ಉಟ್ಟೆ. ಹೊಸದು, ಇನ್ನೂ ಯಾರೂ ನೋಡಿರಲಿಲ್ಲ. ಲೋಕಲ್ ರೈಲು ಹಿಡಿದು ಥಾಣೆಯಲ್ಲಿ ಇಳಿದು, ಪನವೇಲ್ ಗಾಡಿಯ ಪ್ಲಾಟ್‌ಫಾರ್ಮಿಗೆ ಬಂದೆ. ಗಾಡಿ ಬಂತು. ನಾನು ಹತ್ತಲಿಲ್ಲ. ಬೆಂಚಿನ ಮೇಲೆ ಕೂತೆ. ಇನ್ನೊಂದು ಬಂತು, ಅದೂ ಹೋಯಿತು. ಹೀಗೆ ನಾಲ್ಕು ಗಾಡಿ ಬಿಟ್ಟೆ. ಭಯದಿಂದ ಕಾಲು ಬರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕರುಣೆ ಬರಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಬೋರ್ಡ್ ಹಿಡಿಯುವವರಿಲ್ಲದಿದ್ದರೆ ಅವಳಿಗೆ ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ, ಇವತ್ತೊಂದು ದಿನ ತಪ್ಪಿದರೆ ಎಲ್ಲ ಮುಗಿಯುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕಿತ್ತು. ಹನ್ನೊಂದರಿಂದ ಹನ್ನೊಂದು ಇಪ್ಪತ್ತರವರೆಗೆ ಸ್ಟೇಷನ್ನಿನ ಗಡಿಯಾರ ನೋಡುತ್ತಾ, ಅವಳು ತಪ್ಪಲಿ, ಅವಳು ತಪ್ಪಲಿ ಎಂದು ಬೇಡಿಕೊಂಡೆ. ಪಕ್ಕದಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಕೂತಿದ್ದಳು. "ಬರೇ ನಾಹೀ ಕಾ ವಾಟತ್, ಬಾಯೀ?" ಎಂದು, ಮೈ ಸರಿಯಿಲ್ಲವೇ ಎಂದು ಕೇಳಿ, ನೀರು ಕೊಟ್ಟಳು. ಅಂದರೆ ನಾನು ಅಲ್ಲಿದ್ದೆ. ಅದಕ್ಕೆ ಸಾಕ್ಷಿ ಇದೆ.

ಹನ್ನೊಂದೂವರೆ ದಾಟಿದ ಮೇಲೆ ಫೋನ್ ಬಂತು.

"ಅಮ್ಮಾ, ಹದಿನೈದು! ಪಿ ಫಿಫ್ಟೀನ್! ಎಲ್ಲಿ ಹೋದೆ ನೀನು?"

ಅವಳು ಅಳುತ್ತಿದ್ದಳು, ನಗುತ್ತಿದ್ದಳು.

"ಲಾಸ್ಟ್ ಲ್ಯಾಪ್‌ಗೆ ಮೊದಲು ನಾನು ಸ್ಲೋ ಮಾಡ್ತಾ ಇದ್ದೆ, ಸೇಫ್ ಇದ್ದೇನೆ ಅಂತ. ನೋಡಿದ್ರೆ ನೀನು ಹದಿನೇಳು ತೋರಿಸ್ತಾ ಇದ್ದಿ. ನಿನ್ನ ಆ ಸ್ಕ್ರೂ ಡ್ರೈವರ್ ಸೆವೆನ್! ಎಷ್ಟು ಬಗ್ಗಿದ್ದಿ ಅಮ್ಮ, ಗೋಡೆಯಿಂದ ಬಿದ್ದೇ ಹೋಗ್ತೀಯ ಅಂತ ಹೆದರಿದೆ. ಆ ನೀಲಿ ಸೀರೆ ಯಾವಾಗ ತಗೊಂಡದ್ದು?"

ಅಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಅನೌನ್ಸ್‌ಮೆಂಟ್ ಆಯಿತು. ಅವಳಿಗೆ ಕೇಳಿಸಿತು. "ಸ್ಟೇಷನ್ ಮುಟ್ಟಿಬಿಟ್ಟಿಯಾ? ಬಿಸಿಲಿಗೆ ತಲೆನೋವು ಬಂತಾ?"

"ಹೂಂ" ಎಂದೆ.

ಅದೊಂದೇ ಅಕ್ಷರ. ನನ್ನ ಜೀವನದಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ಬಯಸಿದಷ್ಟು ಬೇರಾವ ಮಾತನ್ನೂ ಬಯಸಿಲ್ಲ.

ಭಾನುವಾರ ಎಲ್ಲರಿಗಿಂತ ಮೊದಲು ಟ್ರ್ಯಾಕಿಗೆ ಹೋದೆ. ಬೋರ್ಡ್ ನಾನು ಶುಕ್ರವಾರ ಒರಗಿಸಿದ ಜಾಗದಲ್ಲೇ ಇತ್ತು. ಮೇಲುಸಾಲಿನಲ್ಲಿ ಸಿಕ್ಕಿಸಿದ ಒಂದರ ಅಂಕಿ, ಅದರ ಪಕ್ಕ ಸೀಮೆಸುಣ್ಣದ ಏಳು. ಅಡ್ಡಗೆರೆ, ಕೊಕ್ಕೆ, ಎಲ್ಲ ಇತ್ತು. ಕೆಳಸಾಲು ಖಾಲಿ. ಸಾವಂತ್ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಾ ತಲೆಯೆತ್ತಿದ. "ಕಾಕೂ, ಕಲ್ ಆಪ್ ಕಬ್ ಆಯೀ, ಕಬ್ ಗಯೀ? ಮೈನೆ ತೋ ದೇಖಾ ಹೀ ನಹೀ. ಚಾಯ್ ಭೀ ನಹೀ ಪೀ." ನಿನ್ನೆ ನಾನು ಬಂದದ್ದೂ ಹೋದದ್ದೂ ತನಗೆ ಕಾಣಲೇ ಇಲ್ಲ, ತಾನು ಟೆಂಟಿನೊಳಗೆ ಸ್ಪೇರ್ ಚಕ್ರ ಜೋಡಿಸುತ್ತಿದ್ದೆ ಎಂದ. ನಾನು ಪರ್ಸು ತೆರೆದು ನೋಡಿದೆ. ಸೀಮೆಸುಣ್ಣ ಒಳಗೇ ಇತ್ತು.

ಆ ದಿನ ರೇಸಿನಲ್ಲಿ ಶಾಲಿನಿ ಹನ್ನೆರಡನೆಯವಳಾಗಿ ಬಂದಳು. ಬಹುಮಾನದ ಕಪ್ ಇಲ್ಲ, ಹಾರವಿಲ್ಲ. ಆದರೆ ಅವಳು ಹೆಲ್ಮೆಟ್ ತೆಗೆದಾಗ ಇದ್ದ ಮುಖವನ್ನು ಅವಳ ಅಪ್ಪ ನೋಡಬೇಕಿತ್ತು. ಇನ್ನೂ ನಾಲ್ಕು ವರ್ಷ ರೇಸ್ ಮಾಡಿದಳು. ಒಮ್ಮೆ ಕಾಲರ್‌ಬೋನ್ ಮುರಿದುಕೊಂಡಳು, ಅದು ಕೂಡಿತು. ಈಗ ಕಾಮೋಠೆಯಲ್ಲಿ ಹೆಂಗಸರಿಗೆ ಬೈಕ್ ಕಲಿಸುವ ಕ್ಲಾಸ್ ನಡೆಸುತ್ತಾಳೆ, ನಾನೂ ಅವಳ ಜೊತೆಗೇ ಇದ್ದೇನೆ.

ಇಷ್ಟು ವರ್ಷ ನಾನು ಇದನ್ನು ಎಲ್ಲ ಕಡೆಯಿಂದ ಕೂಡಿಸಿ ಕಳೆದು ನೋಡಿದ್ದೇನೆ. ಬೇರೆ ಟೀಮಿನ ಯಾರೋ ಹೆಂಗಸು ಕನಿಕರಪಟ್ಟು ಬೋರ್ಡ್ ಎತ್ತಿರಬಹುದು, ಅವಳೂ ನೀಲಿ ಉಟ್ಟಿರಬಹುದು. ಶುಕ್ರವಾರದ ನನ್ನ ಏಳನ್ನು ನೋಡಿ ಹಾಗೇ ಬರೆದಿರಬಹುದು. ಆದರೆ ನಾನು ಅದನ್ನು ಒರೆಸಿದ್ದೆನಲ್ಲ. ಎಲ್ಲ ಸ್ಟೆಪ್ಪುಗಳನ್ನು ಬರೆದ ಮೇಲೂ ಕೊನೆಯ ಸಾಲು ಕೂಡಿಬರುವುದಿಲ್ಲ. ಇನ್ನೊಂದು ಮಾತು. ಅಲ್ಲಿ ನಿಂತದ್ದು ನಾನೇ ಎಂದು ಯಾರಾದರೂ ಹೇಳಿದರೆ, ನನ್ನ ಆತ್ಮ ಅಲ್ಲಿಗೆ ಹೋಗಿತ್ತು ಎಂಬಂಥ ಸುಂದರ ಮಾತು ಆಡಿದರೆ, ನಾನು ಒಪ್ಪಲಾರೆ. ನನ್ನ ಆತ್ಮ ಆ ಹೊತ್ತಿಗೆ ಏನು ಬೇಡುತ್ತಿತ್ತೆಂದು ನನಗೆ ಗೊತ್ತು.

ಆ ಬೋರ್ಡ್ ಈಗ ಶಾಲಿನಿಯ ಕ್ಲಾಸಿನ ಗೋಡೆಯ ಮೇಲಿದೆ. ಏಳು ಅಳಿಸದಂತೆ ಅವಳು ಅದರ ಮೇಲೆ ವಾರ್ನಿಶ್ ಹಚ್ಚಿಸಿದ್ದಾಳೆ. ಹೊಸ ಹುಡುಗಿಯರು ಬಂದಾಗೆಲ್ಲ ಅದನ್ನು ತೋರಿಸಿ, "ಮೇರೀ ಮಮ್ಮೀ ಧೂಪ್ ಮೇ ಖಡೀ ಥೀ" ಎಂದು, ಅಮ್ಮ ಬಿಸಿಲಲ್ಲಿ ನಿಂತ ಕಥೆ ಹೇಳುತ್ತಾಳೆ. ಅವರು ತಿರುಗಿ ನನ್ನನ್ನು ನೋಡಿ ಮೆಚ್ಚುತ್ತಾರೆ. ನಾನು ಟೀ ಕಪ್ಪಿನ ಕಡೆ ನೋಡುತ್ತೇನೆ. ಹೇಳಿಬಿಡೋಣವೆಂದು ಎಷ್ಟೋ ಸಲ ಹೊರಟಿದ್ದೇನೆ. ಹೇಳಿದರೆ ಅವಳ ಕೈಯಿಂದ ಯಾವ ಅಮ್ಮನನ್ನು ಕಸಿದುಕೊಳ್ಳುತ್ತೇನೆಂದು ಯೋಚಿಸಿ ಸುಮ್ಮನಾಗುತ್ತೇನೆ.

ಹೋದ ತಿಂಗಳು ವಾರ್ನಿಶ್ ಪೊರೆ ಏಳುತ್ತಿದೆಯೆಂದು ಬೋರ್ಡನ್ನು ಕೆಳಗಿಳಿಸಿ ನನ್ನ ಮಡಿಲಿಗಿಟ್ಟಳು. ಅಡ್ಡಗೆರೆಯ ಅರ್ಧ ಉದುರಿತ್ತು.

"ಅಮ್ಮಾ, ನಿನ್ನ ಸೆವೆನ್ ಹೋಗ್ತಾ ಇದೆ. ಮೇಲಿಂದ ಒಮ್ಮೆ ತಿದ್ದಿ ಕೊಡು. ನಿನ್ನ ಹತ್ರ ಚಾಕ್ ಇದೆಯಲ್ಲ?"

ಚಾಕ್ ತೆಗೆದೆ. ಅದನ್ನು ಅಂಕಿಯ ಹತ್ತಿರ ತಂದೆ. ಮತ್ತೆ ಪರ್ಸಿಗೇ ಹಾಕಿದೆ. ಕನ್ನಡಕ ಸಿಗಲಿ, ಆಮೇಲೆ ಬರೆಯುತ್ತೇನೆ ಎಂದೆ.

ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ಅವಳು ಅದನ್ನು ನೋಡಿದಳು, ಬೋರ್ಡನ್ನು ಎತ್ತಿಕೊಂಡು ಹೋಗಿ ಮತ್ತೆ ಗೋಡೆಗೆ ತೂಗುಹಾಕಿದಳು. ಆ ಏಳು ಈಗ ದಿನಕ್ಕಿಷ್ಟು ಉದುರುತ್ತಿದೆ. ಅಷ್ಟು ಬಗ್ಗಿ ನಿಂತು ಅದನ್ನು ತೋರಿಸಿದವಳು ಯಾರೋ, ನಾನರಿಯೆ. ಅವಳು ಬರೆದದ್ದರ ಮೇಲೆ ನಾನು ಕೈಯಿಡಲಾರೆ.